ಲಿನಕ್ಸ್ ಆಗಲ್ಲ ಅನ್ನುವ ಮುಂಚೆ ಪೆನ್‌ಡ್ರೈವ್ ನೋಡಿ

"ಲಿನಕ್ಸ್ ಹಾಕೋಕೆ ಹೋದೆ, ಅರ್ಧಕ್ಕೇ ನಿಂತುಹೋಯ್ತು, ಬೇಡಪ್ಪ ಅದರ ಸಹವಾಸ." ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಇನ್ನೂ ಜಾಸ್ತಿ ಕೇಳುತ್ತಿದ್ದೇನೆ. ಕಂಪ್ಯೂಟರ್ ಚೆನ್ನಾಗೇ ಓಡುತ್ತಿದೆ, ಆದರೆ ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಅದರಲ್ಲಿಲ್ಲ, ಸರಿ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಇದೆಯಲ್ಲ, ಅದನ್ನು ನೋಡೋಣ ಅಂತ ಆಸೆಯಿಂದ ಬರುತ್ತಾರೆ. ಇನ್‌ಸ್ಟಾಲ್ ಮಾಡಲು ಬೇಕಾದ ಪೆನ್‌ಡ್ರೈವ್ ತಯಾರು ಮಾಡುವ ಹಂತದಲ್ಲೇ ಎಡವಿ ವಾಪಸ್ ಹೋಗುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರು. ನಾನೂ ಹಾಗೇ ವಾಪಸ್ ಹೋಗಿದ್ದವನು, ಎರಡು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

ಆದದ್ದಿಷ್ಟು. ಲಿನಕ್ಸ್‌ನ ಐಎಸ್‌ಒ (ಇನ್‌ಸ್ಟಾಲ್‌ಗೆ ಬೇಕಾದದ್ದೆಲ್ಲ ಒಟ್ಟಿಗೆ ಇರುವ ಒಂದೇ ಫೈಲು) ಡೌನ್‌ಲೋಡ್ ಆಗುತ್ತಿದ್ದಾಗ ನಡುವೆ ನೆಟ್ ಹೋಗಿ ಬಂತು. ಫೈಲು ಪೂರ್ತಿ ಬಂದಿದೆ ಅಂದುಕೊಂಡೆ. ಪೆನ್‌ಡ್ರೈವ್‌ಗೆ ಬರೆದೆ, ಬೂಟ್ ಆಯಿತು (ಅಂದರೆ ಕಂಪ್ಯೂಟರ್ ಆ ಪೆನ್‌ಡ್ರೈವ್‌ನಿಂದಲೇ ಶುರುವಾಯಿತು), ಡೆಸ್ಕ್‌ಟಾಪ್ ಕೂಡ ಬಂತು, ಆದರೆ ಇನ್‌ಸ್ಟಾಲ್ ಆಗುತ್ತಾ ಆಗುತ್ತಾ ಒಂದೇ ಜಾಗದಲ್ಲಿ ನಿಂತುಬಿಡುತ್ತಿತ್ತು. ಮೂರು ಸಲ ಪ್ರಯತ್ನಪಟ್ಟು ಲಿನಕ್ಸೇ ಸರಿ ಇಲ್ಲ ಅಂತ ತೀರ್ಮಾನ ಮಾಡಿದೆ. ಆಮೇಲೆ ಗೆಳೆಯನೊಬ್ಬ ಅದೇ ಹಳೇ ಐಎಸ್‌ಒ ಫೈಲಿನ ಚೆಕ್‌ಸಮ್ ತೆಗೆದು ತೋರಿಸಿದ. ತಾಳೆಯಾಗಲಿಲ್ಲ. ಫೈಲೇ ಕೆಟ್ಟಿತ್ತು.

ಚೆಕ್‌ಸಮ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಎಸ್‌ಎಚ್‌ಎ-256 ಅನ್ನುವ ಬಗೆಯದ್ದಾದರೆ 64 ಅಕ್ಷರ-ಅಂಕಿಗಳ ಒಂದು ಸಾಲು. ಕೆಲವು ಜಿಬಿ ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಪೂರ್ತಿ ಬೇರೆ ಆಗುತ್ತದೆ. ಡೌನ್‌ಲೋಡ್ ಪುಟದಲ್ಲಿ ಸರಿಯಾದ ಸಾಲನ್ನು ಕೊಟ್ಟಿರುತ್ತಾರೆ, ನೀವು ನಿಮ್ಮ ಫೈಲಿನದ್ದನ್ನು ತೆಗೆದು ಹೋಲಿಸಿ ನೋಡಬೇಕು, ಅಷ್ಟೇ. ವಿಂಡೋಸ್‌ನಲ್ಲಿ ಇದಕ್ಕೆ ಸರ್ಟ್‌ಯುಟಿಲ್ ಅನ್ನುವ ಕಮಾಂಡ್ ಮೊದಲಿಂದಲೇ ಇದೆ, ಹೊಸದಾಗಿ ಏನೂ ಹಾಕಬೇಕಿಲ್ಲ.

ಫೈಲು ಕೆಟ್ಟಿರುವುದು ಒಂದು ಕಡೆ, ಯಾರೋ ಬೇಕಂತಲೇ ಬದಲಿಸಿರುವುದು ಇನ್ನೊಂದು ಕಡೆ. 2016ರ ಫೆಬ್ರವರಿ 20ರಂದು ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೆ ನುಗ್ಗಿದ ಹ್ಯಾಕರ್‌ಗಳು 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಲಿಂಕನ್ನು ತಮ್ಮ ಕಳ್ಳ ಐಎಸ್‌ಒ ಕಡೆಗೆ ತಿರುಗಿಸಿದ್ದರು. ಅದರೊಳಗೆ, ಹಾಕಿಕೊಂಡವರ ಕಂಪ್ಯೂಟರಿಗೆ ಗುಟ್ಟಾಗಿ ನುಗ್ಗಲು ಹಿಂಬಾಗಿಲು ಇಟ್ಟಿದ್ದರು. ಸೈಟೇ ಕೈತಪ್ಪಿದಾಗ ಅಲ್ಲಿರುವ ಚೆಕ್‌ಸಮ್ ಕೂಡ ಬದಲಾಗಬಹುದು ಅಲ್ವಾ? ಅದಕ್ಕೇ ಜಿಪಿಜಿ ಸಹಿಯನ್ನೂ, ಅಂದರೆ ಇದು ನಿಜವಾಗಿ ಮಾಡಿದವರಿಂದಲೇ ಬಂದದ್ದು ಅಂತ ಪರೀಕ್ಷಿಸಬಹುದಾದ ಡಿಜಿಟಲ್ ಸಹಿಯನ್ನೂ, ಕೊಡುವುದು. ಅದು ಸ್ವಲ್ಪ ತಲೆನೋವಿನ ಕೆಲಸ, ಒಪ್ಪುತ್ತೇನೆ, ಆದರೆ ಬ್ಯಾಂಕ್ ವ್ಯವಹಾರ ಮಾಡುವ ಕಂಪ್ಯೂಟರಿಗೆ ಹಾಕುತ್ತಿದ್ದರೆ ಒಂದು ಸಲ ಕಲಿತುಕೊಳ್ಳಿ.

ಇನ್ನು ಬರೆಯುವ ಕೆಲಸ. ಐಎಸ್‌ಒ ಫೈಲನ್ನು ಸುಮ್ನೆ ಕಾಪಿ ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಬೂಟ್ ಆಗಲ್ಲ. ಕಂಪ್ಯೂಟರ್ ಆನ್ ಆಗುವಾಗ ಹುಡುಕುವುದು ಬೂಟ್‌ಲೋಡರನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಶುರುಮಾಡುವ ಚಿಕ್ಕ ಪ್ರೋಗ್ರಾಂ ಅನ್ನು. ಅದು ಐಎಸ್‌ಒ ಒಳಗೇ ಉಳಿದುಬಿಟ್ಟರೆ ಯಂತ್ರದ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಅದರ ಜಾಗಕ್ಕೆ ತಂದು ಕೂರಿಸುವುದಕ್ಕೇ ರೂಫಸ್, ಬಲೆನಾ ಎಚರ್ ಥರದ ಟೂಲ್‌ಗಳು ಇರುವುದು. ವೆಂಟಾಯ್ ಒಂದು ಬೇರೆ ದಾರಿ: ಮೊದಲು ಅದನ್ನು ಪೆನ್‌ಡ್ರೈವ್‌ಗೆ ಹಾಕಿಬಿಟ್ಟರೆ ಆಮೇಲೆ ಎಷ್ಟು ಐಎಸ್‌ಒ ಬೇಕಾದರೂ ಕಾಪಿ ಮಾಡಿಕೊಳ್ಳಬಹುದು. ಹೊಸಬರಿಗೆ ನಾನು ಎಚರ್ ಹೇಳುತ್ತೇನೆ. ಬರೆದಾದ ಮೇಲೆ ಅದು ತಾನೇ ಓದಿ ಸರಿಯಾಗಿದೆಯಾ ಅಂತ ಪರೀಕ್ಷಿಸುತ್ತದೆ. ಆ ಪರೀಕ್ಷೆಯನ್ನು ದಯವಿಟ್ಟು ಸ್ಕಿಪ್ ಮಾಡಬೇಡಿ, ಹಾಳಾದ ಪೆನ್‌ಡ್ರೈವ್ ಸಿಕ್ಕಿಬೀಳುವುದೇ ಅಲ್ಲಿ.

ಈ ಟೂಲ್‌ಗಳ ಬದಲು ಲಿನಕ್ಸ್‌ನ ಡಿಡಿ ಕಮಾಂಡ್‌ನಿಂದ ಬರೆಯುವವರು ಮೊದಲು ಡ್ರೈವ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಕೊಟ್ಟು ಡ್ರೈವ್‌ಗಳ ಗಾತ್ರ ನೋಡಿಕೊಳ್ಳಿ. ಒಂದು ಅಕ್ಷರ ತಪ್ಪಿದರೆ ಪೆನ್‌ಡ್ರೈವ್ ಬದಲು ನಿಮ್ಮ ಹಾರ್ಡ್ ಡಿಸ್ಕ್ ಮೇಲೆ ಬರೆಯುತ್ತದೆ. ಅದು ಏನನ್ನೂ ಕೇಳುವುದಿಲ್ಲ. ನನಗೆ ಗೊತ್ತಿರುವ ಒಬ್ಬರು ವರ್ಷಗಟ್ಟಲೆಯ ಫೋಟೊಗಳನ್ನು ಹಾಗೇ ಕಳೆದುಕೊಂಡರು. ಬೇರೆ ಡ್ರೈವ್‌ಗಳನ್ನು ಬಿಚ್ಚಿಟ್ಟು ಕೂತರೆ ಇನ್ನೂ ಒಳ್ಳೇದು. ಕಮಾಂಡ್ ಮುಗಿದ ತಕ್ಷಣ ಪೆನ್‌ಡ್ರೈವ್ ಕೀಳಲೂಬೇಡಿ, ಬರೆಯಬೇಕಾದ್ದು ಇನ್ನೂ ಮೆಮೊರಿಯಲ್ಲಿ ಕಾಯುತ್ತಿರಬಹುದು. ಸಿಂಕ್ ಅಂತ ಕೊಟ್ಟು ಅದು ಮುಗಿಯುವ ತನಕ ಕಾಯಿರಿ.

ಇನ್ನೊಂದು. ಬರೆದಾದ ಮೇಲೆ ಆ ಪೆನ್‌ಡ್ರೈವನ್ನು ವಿಂಡೋಸ್‌ಗೆ ಹಾಕಿದರೆ ಕೆಲವೊಮ್ಮೆ "ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳುತ್ತದೆ. ವಿಂಡೋಸ್‌ಗೆ ಆ ಡ್ರೈವ್ ಓದಲು ಬರುತ್ತಿಲ್ಲ, ಅಷ್ಟೇ. ಗಾಬರಿಯಾಗಿ ಹೂಂ ಅಂದುಬಿಟ್ಟರೆ ಮಾಡಿದ ಕೆಲಸವೆಲ್ಲ ಹೋಯಿತು.

ಯಾವ ಡ್ರೈವ್‌ನಿಂದ ಬೂಟ್ ಆಗಬೇಕು ಅಂತ ಆರಿಸುವ ಬೂಟ್ ಮೆನುವಿನ ಕೀ ಒಂದೊಂದು ಯಂತ್ರದಲ್ಲಿ ಒಂದೊಂದು: ಎಫ್12, ಎಫ್9, ಎಸ್ಕೇಪ್, ಹೀಗೆ. ಉಬುಂಟು, ಫೆಡೋರಾ ಅನ್ನುವ ಲಿನಕ್ಸ್‌ಗಳಿಗೆ ಸಾಮಾನ್ಯವಾಗಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇರುವುದನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ) ಆಫ್ ಮಾಡಬೇಕಿಲ್ಲ. ಬೇರೆ ಯಾವುದಕ್ಕಾದರೂ ಆಫ್ ಮಾಡಬೇಕಾಗಿ ಬಂದರೆ, ಡಿಸ್ಕ್‌ಗೆ ವಿಂಡೋಸ್‌ನ ಬೀಗವಾದ ಬಿಟ್‌ಲಾಕರ್ ಇದೆಯಾ ಅಂತ ನೋಡಿ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಸಲ ವಿಂಡೋಸ್ ಆ ಕೀ ಕೇಳುತ್ತಾ ಕೂರುತ್ತದೆ, ನಿಮ್ಮ ಕೈಯಲ್ಲಿ ಏನೂ ಇರಲ್ಲ.

ಬೂಟ್ ಆಯಿತಾ? ಇನ್‌ಸ್ಟಾಲ್ ಒತ್ತಬೇಡಿ. ಲೈವ್ ಆಗಿಯೇ, ಅಂದರೆ ಪೆನ್‌ಡ್ರೈವ್‌ನಿಂದಲೇ, ಒಂದು ಸಂಜೆ ಓಡಿಸಿ. ನೀವಾಗಿ ಮುಟ್ಟದಿದ್ದರೆ ನಿಮ್ಮ ಡಿಸ್ಕ್ ಹಾಗೇ ಇರುತ್ತದೆ. ವೈಫೈ ಸಿಗುತ್ತಾ, ಸೌಂಡ್ ಬರುತ್ತಾ, ಲ್ಯಾಪ್‌ಟಾಪ್ ಮುಚ್ಚಿ ತೆಗೆದರೆ ಎದ್ದೇಳುತ್ತಾ, ಕನ್ನಡ ಟೈಪ್ ಆಗುತ್ತಾ, ಎಲ್ಲ ನೋಡಿ. ಹೀಗೆ ನೋಡಿದ ಮೇಲೂ ಇಷ್ಟವಾಗದಿದ್ದರೆ ಬಿಡಿ, ನನ್ನ ತಕರಾರಿಲ್ಲ.

ಇದನ್ನು ಬೇರೆಯವರಿಗೆ ಹೇಳಿಕೊಡುವವರಲ್ಲಿ, ವಿಡಿಯೊ ಮಾಡುವವರಲ್ಲಿ ಒಂದು ಕೇಳಿಕೆ. "ಮೂರು ಕ್ಲಿಕ್, ಮುಗೀತು" ಅಂತ ತೋರಿಸಬೇಡಿ. ಚೆಕ್‌ಸಮ್ ನೋಡುವುದನ್ನು ಕೊನೆಯಲ್ಲಿ "ಬೇಕಿದ್ದರೆ ಮಾಡಿ" ಅಂತ ಸೇರಿಸದೆ, ಡೌನ್‌ಲೋಡ್ ಮುಗಿದ ಕೂಡಲೇ, ಪೆನ್‌ಡ್ರೈವ್ ಚುಚ್ಚುವ ಮುಂಚೆಯೇ ಮಾಡಿ ತೋರಿಸಿ.