ಸತ್ಯಾಂಶ: ಪಿನ್ ಬೀಳಿಸುವ ಬೌಲಿಂಗ್ ಆಟದ ಚೆಂಡು ತಿರುಗುವುದು ಬರೀ ತೂತಿನಿಂದಲೇ?

‘ಬೆರಳಿನ ತೂತು ಕೊರೆಯುವ ಜಾಗ ಬದಲಿಸಿದರೆ ಸಾಕು, ಹುಕ್ (ಚೆಂಡು ಪಿನ್‌ಗಳತ್ತ ಬಾಗಿ ತಿರುಗುವುದು) ತಾನಾಗಿ ಬರುತ್ತದೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಪೂರ್ತಿ ಸುಳ್ಳಲ್ಲ, ಆದರೆ ತಲೆಕೆಳಗು.

ಮೊದಲು ನೋಡಬೇಕಾದ್ದು ಚೆಂಡಿನ ಮೈ. ಲೇನ್, ಅಂದರೆ ಚೆಂಡು ಉರುಳುವ ಹಾದಿ, 60 ಅಡಿ. ಅದರಲ್ಲಿ ಸುಮಾರು 40 ಅಡಿವರೆಗೆ ಎಣ್ಣೆ ಬಳಿದಿರುತ್ತಾರೆ. 500 ಗ್ರಿಟ್ (ಸಂಖ್ಯೆ ಕಡಿಮೆಯಾದಷ್ಟೂ ಒರಟು) ಪ್ಯಾಡಿನಲ್ಲಿ ಉಜ್ಜಿದ ಒರಟು ಚೆಂಡಿಗೆ ಆ ಎಣ್ಣೆಯಲ್ಲೂ ಹಿಡಿತ ಸಿಗುತ್ತದೆ, ಬೇಗ ತಿರುಗಲು ಶುರುಮಾಡುತ್ತದೆ. ಅದನ್ನೇ 4000ಕ್ಕೆ ಉಜ್ಜಿ ಪಾಲಿಶ್ ಹಾಕಿ ನೋಡಿ: ಸುಮ್ನೆ ಜಾರಿಕೊಂಡು ಹೋಗಿ, ಎಣ್ಣೆ ಮುಗಿದ ಮೇಲೆ ಚುರುಕಾಗಿ ಹೊರಳುತ್ತದೆ. ತೂತು ಅವೇ ಅಲ್ವಾ!

ತೂತಿನ ಲೇಔಟ್ (ಎಲ್ಲಿ ಕೊರೆಯಬೇಕೆಂಬ ಲೆಕ್ಕ) ಚೆಂಡಿನೊಳಗಿನ ಕೋರ್, ಅಂದರೆ ಭಾರದ ತಿರುಳು, ಯಾವ ಕೋನದಲ್ಲಿ ಕೂರಬೇಕೆಂದು ಹೇಳುತ್ತದೆ. ಪ್ರತಿ ಸುತ್ತಿಗೂ ಎಣ್ಣೆ ತಾಗದ ಹೊಸ ಜಾಗ ಲೇನಿಗೆ ತಾಗುವುದು ಅದರಿಂದ. ಸ್ಪೇರ್‌ಗೆ (ಮೊದಲ ಎಸೆತದಲ್ಲಿ ಉಳಿದ ಪಿನ್ ಬೀಳಿಸಲು) ಬಳಸುವ ಪ್ಲಾಸ್ಟಿಕ್ ಚೆಂಡಿನಲ್ಲಿ ಅಂಥ ಪ್ರಬಲ ಕೋರ್ ಇರುವುದಿಲ್ಲ. ಅಲ್ಲಿ ಲೇಔಟ್ ಬದಲಿಸಿದರೂ ವ್ಯತ್ಯಾಸ ಅಷ್ಟಕ್ಕಷ್ಟೇ.