ಕೆಟ್ಟ ಬಾವಿ ಹುಡುಕಿದ ಲೆಕ್ಕ

ಒಂದು ಹಳ್ಳಿ. 223 ಮನೆ. ಕಾಲರಾ ಬಂದಿದೆ. 168 ಮನೆಗಳಲ್ಲಿ ಯಾರಿಗೂ ಏನೂ ಆಗಿಲ್ಲ. 32 ಮನೆಗಳಲ್ಲಿ ಒಬ್ಬೊಬ್ಬರು ಹಾಸಿಗೆ ಹಿಡಿದಿದ್ದಾರೆ. 16 ಮನೆಗಳಲ್ಲಿ ಇಬ್ಬಿಬ್ಬರು, 6 ಮನೆಗಳಲ್ಲಿ ಮೂರು ಮೂರು ಜನ, ಒಂದು ಮನೆಯಲ್ಲಿ ನಾಲ್ವರು. ಒಟ್ಟು 86 ಜನ. ನಮ್ಮ ಕೈಯಲ್ಲಿರೋದು ಇಷ್ಟೇ.

ಪ್ರತಿ ವರ್ಷ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಈ ಅಂಕಿಗಳನ್ನು ಬೋರ್ಡ್ ಮೇಲೆ ಬರೆದು "ಏನು ಕಾಣುತ್ತೆ?" ಅಂತ ಕೇಳುತ್ತೇನೆ. "ಬಹಳ ಮನೆ ಬಚಾವ್ ಆಗಿವೆ ಮೇಡಂ" ಅನ್ನುತ್ತಾರೆ. ಸರಿ, ಆದರೆ ಎಷ್ಟಾದರೆ "ಬಹಳ"?

ಕಾಯಿಲೆ ಊರಿನ ಮೇಲೆ ಮಳೆ ಹನಿ ಬಿದ್ದ ಹಾಗೆ, ಯಾವ ಮನೆ ಅಂತ ನೋಡದೆ ಬಿದ್ದಿದ್ದರೆ, ಒಬ್ಬರೇ ಮಲಗಿರೋ ಮನೆಗಳು 58ರಷ್ಟು ಇರಬೇಕಿತ್ತು. ಇರೋದು 32. ಮೂವರು ಮಲಗಿರೋ ಮನೆ ಒಂದೋ ಎರಡೋ ಇರಬೇಕಿತ್ತು. ಇರೋದು 6. ಲೆಕ್ಕ ಕೂಡಲ್ಲ. ಹಾಗಾದರೆ ಹನಿ ಬಿದ್ದಿದ್ದು ಇಡೀ ಊರಿನ ಮೇಲಲ್ಲ, ಕೆಲವು ಮನೆಗಳ ಮೇಲೆ ಮಾತ್ರ ಅಂತ ಇಟ್ಟುಕೊಳ್ಳೋಣ. ಎಷ್ಟು ಮನೆ? ಲೆಕ್ಕ ಹಾಕಿದರೆ 93 ಅಂತ ಬರುತ್ತೆ. ಈಗ ಲೆಕ್ಕ ಏನು ಹೇಳುತ್ತೆ ನೋಡಿ. ಒಬ್ಬರು ಮಲಗಿರೋ ಮನೆ 34, ಇಬ್ಬರು 16, ಮೂವರು 5, ನಾಲ್ವರು 1. ಅಬ್ಬಾ, ಎಷ್ಟು ಹತ್ತಿರ!

ಈ ಲೆಕ್ಕ ಹಾಕಿದ್ದು ಎ. ಜಿ. ಮೆಕೆಂಡ್ರಿಕ್. ಸ್ಕಾಟ್ಲೆಂಡಿನ ಡಾಕ್ಟರು. ಇಂಡಿಯನ್ ಮೆಡಿಕಲ್ ಸರ್ವಿಸ್‌ನಲ್ಲಿದ್ದು, ಕಸೌಲಿಯ ಪಾಶ್ಚರ್ ಇನ್‌ಸ್ಟಿಟ್ಯೂಟ್ ನೋಡಿಕೊಂಡವರು. ಊರಿಗೆ ವಾಪಸ್ ಹೋದ ಮೇಲೆ, 1926ರಲ್ಲಿ, ನಮ್ಮ ದೇಶದ ಈ ಹಳ್ಳಿಯ ಲೆಕ್ಕ ಪ್ರಕಟಿಸಿದರು. ಕಾಯಿಲೆ ನೀರಿನಿಂದ ಬಂದಿರಬೇಕು, ಊರಲ್ಲಿ ಹಲವು ಬಾವಿಗಳಿರಬೇಕು, ಈ 93 ಮನೆಯವರು ಕುಡಿದ ಒಂದು ಬಾವಿ ಕೆಟ್ಟಿರಬೇಕು ಅಂತ ಅವರ ಊಹೆ. ಆಮೇಲೆ ಒಂದೇ ಒಂದು ಸಾಲು ಬರುತ್ತೆ: ಸ್ಥಳಕ್ಕೆ ಹೋಗಿ ವಿಚಾರಿಸಿದಾಗ ಹಾಗೇ ಇತ್ತು.

ಹುಡುಗರು ಸೂತ್ರ ಬರೆದುಕೊಳ್ಳುತ್ತಾರೆ. ನನಗೆ ಆ ಕೊನೆಯ ಸಾಲೇ ಇಷ್ಟ. ಯಾರೋ ಎದ್ದು ಹೋಗಿ ಬಾವಿ ನೋಡಿದ್ದಾರೆ, ಅಲ್ವಾ?

ಇದೇ ಮೆಕೆಂಡ್ರಿಕ್ ಮರುವರ್ಷ, 1927ರಲ್ಲಿ, ರಸಾಯನ ವಿಜ್ಞಾನಿ ಕರ್ಮಾಕ್ ಜೊತೆ ಸೇರಿ ಸಾಂಕ್ರಾಮಿಕ ಕಾಯಿಲೆಗಳ ಮಾಡೆಲ್ ಕೊಟ್ಟರು, ಅಂದರೆ ಕಾಯಿಲೆ ಹೇಗೆ ಏರುತ್ತೆ, ತಗಲೋಕೆ ಜನ ಕಮ್ಮಿಯಾದ ಹಾಗೆ ಹೇಗೆ ಇಳಿಯುತ್ತೆ ಅಂತ ಹೇಳೋ ಲೆಕ್ಕ. ಕೋವಿಡ್ ಕಾಲದಲ್ಲಿ ನಾವು ನೋಡಿದ ಎಷ್ಟೋ ಗ್ರಾಫ್‌ಗಳಿಗೆ ಅದೇ ಮುತ್ತಜ್ಜ. (ಕರ್ಮಾಕ್ ಲ್ಯಾಬ್ ಅಪಘಾತದಲ್ಲಿ ಎರಡೂ ಕಣ್ಣು ಕಳೆದುಕೊಂಡವರು. ಆ ಗಣಿತ ಮಾಡುವಾಗ ಅವರಿಗೆ ಕಾಗದ ಕಾಣುತ್ತಿರಲಿಲ್ಲ. ನಾನು ಕ್ಯಾಲ್ಕುಲೇಟರ್ ಇಲ್ಲದೆ ತರಕಾರಿ ಲೆಕ್ಕವನ್ನೂ ತಪ್ಪುತ್ತೇನೆ.) ಮಾಡೆಲ್ ಕೊಟ್ಟ ಆ ಲೇಖನದಲ್ಲಿ ಬೊಂಬಾಯಿ ಪ್ಲೇಗಿನ ಚಿತ್ರವಿದೆ. 1905ರ ಡಿಸೆಂಬರಿನಿಂದ 1906ರ ಜುಲೈವರೆಗೆ ವಾರವಾರದ ಸಾವು ಚುಕ್ಕಿಗಳಾಗಿವೆ. ಮಾಡೆಲ್‌ನ ಗೆರೆ ಅವುಗಳ ಮೇಲೆ ಅಳತೆ ಕೊಟ್ಟು ಹೊಲಿಸಿದ ರವಿಕೆ ಥರ ಕೂತಿದೆ.

ಆದರೆ ಪ್ಲೇಗ್ ಬರೋದು ಇಲಿಯ ಚಿಗಟದಿಂದ. ನಮ್ಮಜ್ಜಿಗೂ ಗೊತ್ತಿತ್ತು. "ಇಲಿ ಬಿದ್ದರೆ" ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಮಾಡೆಲ್‌ನಲ್ಲಿ ಚಿಗಟವೂ ಇಲ್ಲ, ಹವಾಮಾನವೂ ಇಲ್ಲ. ಬರೆದವರು ಇದನ್ನು ಮುಚ್ಚಿಡಲಿಲ್ಲ. ಮನುಷ್ಯರ ಪ್ಲೇಗು ಇಲಿಗಳ ಪ್ಲೇಗಿನ ನೆರಳು ಅಂತ ಇಟ್ಟುಕೊಂಡಿದ್ದೇವೆ, ನಮ್ಮ ಊಹೆಗಳು ಯಾವುವೂ ಪೂರ್ತಿ ನಿಜ ಅಲ್ಲ, ಇದು ಬಹಳ ಒರಟು ಅಂದಾಜು ಅಂತ ಅಲ್ಲೇ ಹೇಳಿದ್ದಾರೆ. ಬೊಂಬಾಯಿಗೆ ಪ್ಲೇಗ್ ವರ್ಷವರ್ಷ ಹೆಚ್ಚುಕಮ್ಮಿ ಅದೇ ತಿಂಗಳುಗಳಲ್ಲಿ ಬರುತ್ತಿತ್ತು. ಇಳಿಯೋಕೆ ಕಾರಣ ಹವಾಮಾನ ಅಂತ 2012ರಲ್ಲಿ ಫ್ರಾನ್ಸಿನ ಒಬ್ಬ ಗಣಿತಜ್ಞರು ಇಲಿ, ಚಿಗಟ, ಋತು ಎಲ್ಲ ಸೇರಿಸಿ ತೋರಿಸಿದರು. ಗೆರೆ ಸರಿಯಾಗೇ ಕೂತಿತ್ತು, ಕಾರಣ ಮಾತ್ರ ಬೇರೆ. ಎಂಬತ್ತು ವರ್ಷ ಪಠ್ಯಪುಸ್ತಕಗಳು ಆ ಚಿತ್ರವನ್ನು ಅಚ್ಚು ಹಾಕಿದವು, ಪಕ್ಕದ ಆ ಮಾತುಗಳನ್ನು ಬಹಳಷ್ಟು ಕಡೆ ಬಿಟ್ಟೇಬಿಟ್ಟವು.

ಕೋವಿಡ್‌ನಲ್ಲೂ ಇದೇ ಕಥೆ. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರದ ತಜ್ಞರ ಸಮಿತಿ ಮಾಡೆಲ್ ಹಿಡಿದು, ಪೀಕ್ ದಾಟಿದೆ, ಎಚ್ಚರಿಕೆ ಬಿಡದಿದ್ದರೆ ಫೆಬ್ರವರಿ ಹೊತ್ತಿಗೆ ಹತೋಟಿಗೆ ಬರಬಹುದು ಅಂದಿತು. ನಮ್ಮ ಫ್ಯಾಮಿಲಿ ಗ್ರೂಪಿಗೆ ಬರೋ ಹೊತ್ತಿಗೆ ಅದು "ಫೆಬ್ರವರಿಗೆ ಕೊರೋನಾ ಮುಗೀತು" ಆಗಿತ್ತು. ಭಾವ ಮಗಳ ಮದುವೆಗೆ ಏಪ್ರಿಲ್‌ನಲ್ಲಿ ಛತ್ರ ಬುಕ್ ಮಾಡಿದರು. ಆ ಏಪ್ರಿಲ್ ಹೇಗಿತ್ತು ಅಂತ ಹೇಳಬೇಕಾಗಿಲ್ಲ. ಡೆಲ್ಟಾ ಬರುತ್ತೆ ಅಂತ ಹಳೇ ಅಂಕಿಗಳಿಗೆ ಹೇಗೆ ಗೊತ್ತಾಗಬೇಕು?

ಹಾಗಂತ ಮಾಡೆಲ್ ಎಲ್ಲ ಬೊಗಳೆ ಅನ್ನೋರ ಪಾರ್ಟಿ ನಾನಲ್ಲ. ಪ್ರೊಟೀನ್ ಆಕಾರ ಹೇಳೋ ಆಲ್ಫಾಫೋಲ್ಡ್ ನೋಡಿ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅದನ್ನು ಮಾಡಿದವರಿಗೂ ಪಾಲು ಸಿಕ್ಕಿತು. ಆಕಾರ ಲ್ಯಾಬಿನಲ್ಲಿ ಗೊತ್ತಾಗಿ ಇನ್ನೂ ಹೊರಗೆ ಬಿಡದ ಪ್ರೊಟೀನ್‌ಗಳನ್ನು 2020ರಲ್ಲಿ ಅದರ ಮುಂದಿಟ್ಟು ಪರೀಕ್ಷೆ ಮಾಡಿದರು. ಕಾಪಿ ಹೊಡೆಯೋಕೆ ಅವಕಾಶವೇ ಇಲ್ಲ. ಅದು ಕಲಿತಿದ್ದೂ ವಿಜ್ಞಾನಿಗಳು ದಶಕಗಟ್ಟಲೆ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ ಕೂಡಿಟ್ಟ ಆಕಾರಗಳಿಂದಲೇ. ತನಗೆ ಖಾತ್ರಿಯಿಲ್ಲದ ಭಾಗಕ್ಕೆ ಅದು ಕಿತ್ತಳೆ ಬಣ್ಣ ಬಳಿದು ಕೊಡುತ್ತೆ. ಟಿವಿ ಚರ್ಚೆಗೆ ಬರೋರಿಗೂ ಆ ಬಣ್ಣ ಹಚ್ಚೋ ಹಾಗಿದ್ದಿದ್ದರೆ!

ಇಷ್ಟೆಲ್ಲ ಬರೆಯೋಕೆ ಕಾರಣ ನಮ್ಮ ಫೈನಲ್ ಇಯರ್ ಹುಡುಗ. ಹೋದ ತಿಂಗಳು ಲ್ಯಾಪ್‌ಟಾಪ್ ಹಿಡಿದು ಓಡಿ ಬಂದ. ಯಾರಿಗೆ ಶುಗರ್ ಇದೆ ಅಂತ ಹೇಳೋ ಮಾಡೆಲ್ ಮಾಡಿದ್ದಾನೆ. "98 ಪರ್ಸೆಂಟ್ ಕರೆಕ್ಟ್ ಮೇಡಂ!" ನನಗೆ ಅನುಮಾನ ಬಂತು. ಕಾಲಂಗಳನ್ನು ಒಂದೊಂದೇ ನೋಡುತ್ತಾ ಬಂದೆ. ವಯಸ್ಸು, ತೂಕ, ಬಿಪಿ... ಹನ್ನೊಂದನೇ ಕಾಲಂ: ಮೆಟ್‌ಫಾರ್ಮಿನ್ ತಗೋತಾರಾ, ಹೌದು ಅಥವಾ ಇಲ್ಲ.

"ಲೋ, ಮಾತ್ರೆ ನೋಡಿ ಕಾಯಿಲೆ ಹೇಳೋಕೆ ಮಾಡೆಲ್ ಯಾಕೋ, ಮೆಡಿಕಲ್ ಶಾಪ್ ಹುಡುಗ ಸಾಕು" ಅಂದೆ. ಮುಖ ಸಣ್ಣದಾಯಿತು. ಆ ಕಾಲಂ ತೆಗೆದು ಮತ್ತೆ ಓಡಿಸಿದಾಗ 71ಕ್ಕೆ ಇಳಿಯಿತು. ಎರಡು ದಿನ ಕ್ಲಾಸಿಗೇ ಬರಲಿಲ್ಲ.

ಮೂರನೇ ದಿನ ಬಂದು, ಸೊಂಟದ ಸುತ್ತಳತೆ ಕಾಲಂ ಅರ್ಧಕ್ಕರ್ಧ ಖಾಲಿ ಇದೆ ಮೇಡಂ, ಅದು ತುಂಬಿದರೆ ನೋಡಬಹುದು ಅಂದ. ಈ ಶನಿವಾರ ಆ ಅಂಕಿಗಳು ಬಂದ ಊರಿಗೆ ಟೇಪ್ ಹಿಡಿದು ಹೊರಟಿದ್ದಾನೆ. ಬಸ್ ಚಾರ್ಜ್ ನಾನು ಕೊಟ್ಟೆ.