ಸಾಫ್ಟ್ ಮೋಡೆಮ್ ಬಗ್ಗೆ ನನ್ನ ಮನಸ್ಸು ಬದಲಾದದ್ದು

ಡಯಲ್ ಅಪ್ ಕಾಲದಲ್ಲಿ ಲಿನಕ್ಸ್ ಬಳಸಿದವರಿಗೆ ವಿನ್‌ಮೋಡೆಮ್, ಅಂದರೆ ವಿಂಡೋಸ್‌ಗೆಂದೇ ಮಾಡಿದ ಸಾಫ್ಟ್ ಮೋಡೆಮ್, ಅಂದರೆ ಈಗಲೂ ಸಿಟ್ಟು. ನನಗೂ ಇತ್ತು. ಲಿನಕ್ಸ್ ಹಾಕಿದ ದಿನವೇ ನನ್ನ ಮೋಡೆಮ್ ಸತ್ತ ಹಾಗಾಯಿತು. ಕಾರ್ಡ್ ಕಂಪ್ಯೂಟರಿನೊಳಗೇ ಇದೆ, ಫೋನ್ ವೈರ್ ಸಿಕ್ಕಿಸಿದೆ, ಆದರೂ ಇಂಟರ್‌ನೆಟ್ ಇಲ್ಲ. ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಹುಡುಕಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್‌ಗೆ ಡ್ರೈವರ್ ಬೇಕು. ಅದಕ್ಕಾಗಿ ಎಷ್ಟು ರಾತ್ರಿ ನಿದ್ದೆಗೆಟ್ಟೆನೋ ಲೆಕ್ಕವಿಲ್ಲ. "ಇದು ಮೋಡೆಮ್ಮೇ ಅಲ್ಲ" ಅಂತ ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ.

ಈಗ ಹಾಗೆ ಹೇಳಲಾರೆ.

ಮೋಡೆಮ್ ಏನು ಮಾಡುತ್ತದೆ ನೋಡಿ. ಫೋನ್ ಲೈನ್ ದಾಟಿಸುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ದನಿ ಮಾತ್ರ. ಅಷ್ಟು ಸಣ್ಣ ಕಿಂಡಿಯಲ್ಲಿ ಡೇಟಾ ತೂರಿಸಬೇಕು. ನಾವು ಕಳಿಸಿದ್ದೇ ಪ್ರತಿಧ್ವನಿಯಾಗಿ ವಾಪಸ್ ಬರುತ್ತದೆ, ಅದನ್ನು ಕಳೆಯಬೇಕು. ಲೈನ್ ಕೆಡಿಸಿದ ಸಿಗ್ನಲ್ಲನ್ನು ತಿದ್ದಬೇಕು. ಹಳೆಯ ಮೋಡೆಮ್‌ಗಳಲ್ಲಿ ಇದಕ್ಕೆಲ್ಲ ಬೇರೆಯೇ ಚಿಪ್ ಇತ್ತು. ಸಾಫ್ಟ್ ಮೋಡೆಮ್ ಕಾರ್ಡಿನಲ್ಲಿ ಸಿಗ್ನಲ್ಲನ್ನು ಅಂಕಿಗೆ, ಅಂಕಿಯನ್ನು ಸಿಗ್ನಲ್ಲಿಗೆ ಬದಲಿಸುವ ಭಾಗ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಉಳಿದದ್ದೆಲ್ಲ ಪ್ರೊಸೆಸರ್ ತಲೆ ಮೇಲೆ.

ಆದರೆ ಆ ಕೆಲಸದ ತಿರುಳು ಏನು? ಗುಣಿಸು, ಕೂಡು. ಮತ್ತೆ ಗುಣಿಸು, ಕೂಡು. ಸಿಗ್ನಲ್ಲನ್ನು ಸೋಸಿ ತಿದ್ದುವ ಫಿಲ್ಟರ್ ಅಂದರೆ ಅಷ್ಟೇ. 1997ರಲ್ಲಿ ಇಂಟೆಲ್ ತನ್ನ ಪೆಂಟಿಯಂ ಪ್ರೊಸೆಸರ್‌ಗೆ ಎಂಎಂಎಕ್ಸ್ ಎಂಬ ಸೌಲಭ್ಯ ಸೇರಿಸಿದಾಗ ಬಂದ 57 ಹೊಸ ಇನ್‌ಸ್ಟ್ರಕ್ಷನ್‌ಗಳಲ್ಲಿ (ಪ್ರೊಸೆಸರ್‌ಗೆ ಕೊಡುವ ಆದೇಶಗಳಲ್ಲಿ) ಒಂದು ಇದಕ್ಕೇ ಹೇಳಿ ಮಾಡಿಸಿದಂತಿತ್ತು: ನಾಲ್ಕು ಜೋಡಿ 16 ಬಿಟ್ ಸಂಖ್ಯೆಗಳನ್ನು ಒಂದೇ ಏಟಿಗೆ ಗುಣಿಸಿ, ಫಲಗಳನ್ನು ಎರಡೆರಡಾಗಿ ಕೂಡಿಬಿಡುತ್ತಿತ್ತು. ಎಷ್ಟು ಚಂದದ ಯೋಚನೆ ಅಲ್ವಾ!

ಇಂಟೆಲ್‌ಗೆ ಈ ಕನಸು ಅದಕ್ಕೂ ಮುಂಚೆಯೇ ಇತ್ತು. ನೇಟಿವ್ ಸಿಗ್ನಲ್ ಪ್ರೊಸೆಸಿಂಗ್ ಎಂಬ ಹೆಸರಲ್ಲಿ ಆಡಿಯೊ, ವಿಡಿಯೊ ಕೆಲಸವನ್ನು ಪ್ರೊಸೆಸರ್‌ನಲ್ಲೇ ಮಾಡಿಸುವ ಸಾಫ್ಟ್‌ವೇರ್ ಬರೆದಿತ್ತು. ಮೈಕ್ರೋಸಾಫ್ಟ್‌ಗೆ ಇದು ಹಿಡಿಸಲಿಲ್ಲ. 1995ರಲ್ಲಿ ಇಂಟೆಲ್ ಹಿಂದೆ ಸರಿಯಿತು. ಅಮೆರಿಕದ ಮೈಕ್ರೋಸಾಫ್ಟ್ ಮೊಕದ್ದಮೆಯಲ್ಲಿ ನ್ಯಾಯಾಧೀಶರು 1999ರಲ್ಲಿ ಕೊಟ್ಟ ತೀರ್ಮಾನಗಳಲ್ಲಿ ಈ ಕಥೆ ದಾಖಲಾಗಿದೆ. ಓದಿದಾಗ ನನಗೆ ನಿಜಕ್ಕೂ ಬೇಜಾರಾಯಿತು.

ಸಾಫ್ಟ್ ಮೋಡೆಮ್‌ನಲ್ಲಿ ತೊಂದರೆ ಇರಲಿಲ್ಲ ಅನ್ನುತ್ತಿಲ್ಲ. ಲೈನ್ ಯಾರಿಗೂ ಕಾಯುವುದಿಲ್ಲ, ಸ್ಯಾಂಪಲ್‌ಗಳು, ಅಂದರೆ ಸಿಗ್ನಲ್ಲನ್ನು ಅಳೆದ ಅಂಕಿಗಳು, ಬರುತ್ತಲೇ ಇರುತ್ತವೆ. ಆಪರೇಟಿಂಗ್ ಸಿಸ್ಟಮ್ ಬೇರೆ ಕೆಲಸದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಮುಳುಗಿದರೂ ಕನೆಕ್ಷನ್ ಕಡಿದುಹೋಗುತ್ತಿತ್ತು. ಆದರೆ ಪ್ರೊಸೆಸರ್ ವೇಗ ಹೆಚ್ಚಿದಂತೆ ಅದು ಕಡಿಮೆಯಾಯಿತು. ನನ್ನನ್ನು ರಾತ್ರಿಯಿಡೀ ಕೂರಿಸಿದ್ದು ಇದಲ್ಲ. ತಯಾರಕರು ಡ್ರೈವರ್‌ನ ಕೋಡ್ ಮುಚ್ಚಿಟ್ಟಿದ್ದರು, ಅದು. ಮೋಡೆಮ್ ಅನ್ನುವುದೇ ಆ ಕೋಡ್, ಅದನ್ನೇ ಕೊಡದಿದ್ದರೆ ನಾವು ದುಡ್ಡು ಕೊಟ್ಟು ತಂದದ್ದು ಏನನ್ನು?

2012ರ ಹೊತ್ತಿಗೆ ಇದರ ಇನ್ನೊಂದು ಮುಖ ನೋಡಿದೆ. ಟಿವಿ ನೋಡಲೆಂದು ಮಾಡಿದ ಅಗ್ಗದ ಯುಎಸ್‌ಬಿ ಕಡ್ಡಿ, ಒಳಗೆ ಆರ್‌ಟಿಎಲ್2832ಯು ಚಿಪ್. ಅದು ಹಸಿ ರೇಡಿಯೊ ಸ್ಯಾಂಪಲ್‌ಗಳನ್ನೇ ಕಂಪ್ಯೂಟರಿಗೆ ಕೊಡಬಲ್ಲದು ಅಂತ ಹವ್ಯಾಸಿಗಳು ಕಂಡುಕೊಂಡರು. ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್! ಉಳಿದ ಕೆಲಸ ಪ್ರೊಸೆಸರ್‌ಗೆ, ಥೇಟ್ ವಿನ್‌ಮೋಡೆಮ್ ಥರವೇ. ಆದರೆ ಇಲ್ಲಿ ಡ್ರೈವರ್‌ನ ಕೋಡ್ ತೆರೆದಿದೆ, ಸ್ಯಾಂಪಲ್‌ಗಳನ್ನು ಸಂಸ್ಕರಿಸುವ ಗ್ನೂ ರೇಡಿಯೊ ಎಂಬ ಸಾಫ್ಟ್‌ವೇರೂ ತೆರೆದಿದೆ. ಜನ ಅದರಲ್ಲಿ ವಿಮಾನಗಳ ಸಿಗ್ನಲ್ ಹಿಡಿದರು, ಹವಾಮಾನ ಉಪಗ್ರಹಗಳ ಚಿತ್ರ ಇಳಿಸಿಕೊಂಡರು. ನಾನು ನನ್ನದೇ ಎಫ್‌ಎಂ ರಿಸೀವರ್ ಬರೆದೆ. ಫಿಲ್ಟರ್‌ನ ಒಂದು ಸಂಖ್ಯೆ ಬದಲಿಸಿದಾಗ ಕರಕರ ಸದ್ದು ಹೋಗಿ ಹಾಡು ತಿಳಿಯಾಯಿತು. ಆ ಖುಷಿಯನ್ನು ಹೇಗೆ ಹೇಳಲಿ!

ಇವತ್ತು ನಮ್ಮೆಲ್ಲರ ಜೇಬಿನಲ್ಲೂ ಒಂದು ಮೋಡೆಮ್ ಇದೆ. ಫೋನಿನ ಆ ಭಾಗದಲ್ಲೂ ಬಹಳಷ್ಟು ಕೆಲಸ ಮಾಡುವುದು ಫರ್ಮ್‌ವೇರೇ, ಅಂದರೆ ಚಿಪ್‌ನೊಳಗೆ ಓಡುವ ಸಾಫ್ಟ್‌ವೇರ್. ಅದೂ ಮುಚ್ಚಿದೆ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ದಿನ ಅದರಲ್ಲಿರುವ ದೋಷಗಳು ಹಾಗೇ ಉಳಿಯುತ್ತವೆ, ತಿದ್ದಲು ಗೊತ್ತಿರುವವರೂ ಸುಮ್ನೆ ನೋಡುತ್ತಾ ಕೂರಬೇಕು. ಹೊಸ ಮಾಡೆಲ್‌ನ ಗುಟ್ಟು ಬಿಟ್ಟುಕೊಡಿ ಅಂತ ನಾನು ಕೇಳುತ್ತಿಲ್ಲ. ನೀವು ಕೈಬಿಟ್ಟ ಮೋಡೆಮ್‌ನ ಕೋಡನ್ನಾದರೂ ನಮಗೆ ಕೊಡಿ.